ಹೆಸರು ಮರೆತ ಯಂತ್ರಗಳು

೨೦೦೧ನೆಯ ಇಸವಿಯ ಜೂನ್ ತಿಂಗಳಲ್ಲಿ, ಒಂದೇ ದಿನ, ಒಂದೇ ಪೆನ್ನಿನಿಂದ ನಾನು ಆರು ಯಂತ್ರಗಳ ಮರಣಪತ್ರಕ್ಕೆ ರುಜು ಹಾಕಿದೆ. ಆರಕ್ಕೆ ಆರೂ ಜೀವಂತವಾಗಿದ್ದವು. ಈ ಸಂಗತಿ ನನಗೆ ತಿಳಿದದ್ದು ಐದು ವರ್ಷದ ಮೇಲೆ. ಅಷ್ಟು ಹೊತ್ತಿಗೆ ಅವುಗಳಲ್ಲಿ ಐದು ಗುಜರಿಯವನ ತಕ್ಕಡಿ ಏರಿ, ಒಡೆದು, ಕರಗಿ ಎಲ್ಲಿಗೋ ಹೋಗಿದ್ದವು. ಆರನೆಯದರ ಕಥೆ ಹೇಳುವುದಕ್ಕೆಂದೇ ಇದನ್ನು ಬರೆಯುತ್ತಿದ್ದೇನೆ. ಆದರೆ ಅದನ್ನು ಹೇಳಬೇಕಾದರೆ ನಡುವೆ ಸ್ವಲ್ಪ ಚರಿತ್ರೆಯನ್ನೂ, ಅದಕ್ಕಿಂತ ಸ್ವಲ್ಪ ಹೆಚ್ಚಾಗಿ ವಿದ್ಯುತ್ ವಿದ್ಯೆಯನ್ನೂ ಓದುಗರು ಸಹಿಸಿಕೊಳ್ಳಬೇಕು.

ಆಗ ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಸರ್ವಿಸ್ ಇಂಜಿನಿಯರ್. ಹೆಸರು ದೊಡ್ಡದು, ಕೆಲಸವೆಂದರೆ ಹೆಗಲಿಗೆ ಒಂದು ಚೀಲ, ಚೀಲದಲ್ಲಿ ಸ್ಕ್ರೂ ಡ್ರೈವರುಗಳು, ಒಂದು ಮಲ್ಟಿಮೀಟರು, ಎರಡು ಜೊತೆ ಬಟ್ಟೆ, ಮತ್ತು ರಾತ್ರಿಯಿಡೀ ಕೆಂಪು ಬಸ್ಸಿನಲ್ಲಿ ತೂಕಡಿಸುತ್ತ ರಾಜ್ಯದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗುವುದು. ಮಲೆನಾಡಿನ ಸೆರಗಿನ ಒಂದು ಊರಿನ ಇಂಜಿನಿಯರಿಂಗ್ ಕಾಲೇಜಿನಿಂದ ಕರೆ ಬಂದಿತ್ತು. ಅಲ್ಲಿ ೧೯೯೨ರಲ್ಲಿ ತರಿಸಿದ ಆರು ಸನ್ ವರ್ಕ್‌ಸ್ಟೇಷನ್ನುಗಳಿದ್ದವು. ಸ್ಪಾರ್ಕ್‌ಸ್ಟೇಷನ್ ಐಪಿಎಕ್ಸ್ ಎಂಬ ಮಾದರಿ. ಊಟದ ಡಬ್ಬಿಯ ಆಕಾರ, ಬೂದು ಬಣ್ಣ. ಬೇಸಿಗೆ ರಜೆಗೆ ಲ್ಯಾಬಿಗೆ ಬೀಗ ಹಾಕಿ ಹೋಗಿದ್ದವರು ರಜೆ ಮುಗಿಸಿ ಬಂದು ನೋಡಿದರೆ ನಾಲ್ಕು ಏಳುತ್ತಿಲ್ಲ. ಉಳಿದ ಎರಡು ಆ ವಾರದಲ್ಲೇ ಅವುಗಳ ದಾರಿ ಹಿಡಿದವು.

ನಾನು ಸ್ವಿಚ್ ಒತ್ತಿದೆ. ಫ್ಯಾನು ತಿರುಗಿತು, ಡಿಸ್ಕು ಗುಂಯ್‌ಗುಟ್ಟಿತು, ಪರದೆಯ ಮೇಲೆ ಅಕ್ಷರಗಳೂ ಬಂದವು. ತನ್ನ ಸಂರಚನೆಯ ಮೊತ್ತ ತಾಳೆಯಾಗುತ್ತಿಲ್ಲ ಎಂದಿತು. ತನ್ನ ಗುರುತಿನ ಪಟ್ಟಿ ಸಿಂಧುವಲ್ಲ ಎಂದಿತು. ಜಾಲದ ವಿಳಾಸ ಇರಬೇಕಾದ ಕಡೆ ಬರೀ ಎಫ್, ಎಫ್, ಎಫ್ ಎಂದು ಹನ್ನೆರಡು ಸಲ ಬರೆಯಿತು. ಆಮೇಲೆ ಪಕ್ಕದಲ್ಲೇ ಇದ್ದ ತನ್ನ ಡಿಸ್ಕನ್ನು ತಿರುಗಿಯೂ ನೋಡದೆ, ಜಾಲದ ಮೂಲಕ ಯಾರಾದರೂ ತನಗೆ ಕಾರ್ಯವ್ಯವಸ್ಥೆ ಕಳಿಸಿಯಾರು ಎಂದು ಕಾಯುತ್ತ ಕೂತಿತು. ಆರೂ ಹೀಗೆಯೇ. ಆರು ಯಂತ್ರಕ್ಕೆ ಒಂದೇ ವಾರದಲ್ಲಿ ಒಂದೇ ರೋಗ ಬಂದರೆ ನಮ್ಮ ಕಸುಬಿನಲ್ಲಿ ಮೊದಲು ಹೇಳುವ ಮಾತು ಸಿಡಿಲು ಅಥವಾ ವೋಲ್ಟೇಜು. ನಾನೂ ಹಾಗೇ ಅಂದೆ. ನಿರ್ವಹಣೆಯ ಕರಾರು ಮುಗಿದು ಎರಡು ವರ್ಷವಾಗಿತ್ತು. ಹೊಸ ಬೋರ್ಡು ತರಿಸುವ ಮಾತು ಎತ್ತಿದರೆ ಪ್ರಿನ್ಸಿಪಾಲರು ಕೈಮುಗಿಯುತ್ತಿದ್ದರು. ರಿಪೋರ್ಟಿನಲ್ಲಿ 'ಮದರ್‌ಬೋರ್ಡ್ ಹೋಗಿದೆ, ದುರಸ್ತಿಗೆ ಯೋಗ್ಯವಲ್ಲ' ಎಂದು ಬರೆದು ರುಜು ಹಾಕಿದೆ. ಸಂಜೆಯ ಬಸ್ಸು ಹಿಡಿಯುವ ಅವಸರವೂ ಇತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಲ್ಯಾಬಿನ ಇನ್‌ಸ್ಟ್ರಕ್ಟರ್ ಒಬ್ಬರಿದ್ದರು. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ನಾನು ಬರೆಯುತ್ತಿದ್ದಾಗ ಪಕ್ಕದಲ್ಲಿ ನಿಂತು ಮೆಲ್ಲಗೆ, "ಬೋರ್ಡ್ ಹೋಗಿದ್ರೆ ಅದು ಮಾತಾಡ್ತಿರ್ಲಿಲ್ವಲ್ಲ ಸಾರ್? ಇಷ್ಟೆಲ್ಲಾ ಬರೆದು ತೋರಿಸ್ತಾ ಇದೆ" ಅಂದರು. ನಾನು ಬೆಂಗಳೂರಿನಿಂದ ಬಂದವನು. "ಅದು ಹಾಗೇ ಮೇಷ್ಟ್ರೇ, ಪೂರ್ತಿ ಹೋಗೋಕ್ ಮುಂಚೆ ಹಂಗೆ ಬಡಬಡಿಸುತ್ವೆ" ಅಂದೆ. ಈ ಮಾತು ಇವತ್ತಿಗೂ ಒಮ್ಮೊಮ್ಮೆ ರಾತ್ರಿ ನೆನಪಿಗೆ ಬರುತ್ತದೆ.

ಇನ್ನು ಚರಿತ್ರೆ. ಎಪ್ಪತ್ತರ ದಶಕದವರೆಗೆ ಕಂಪ್ಯೂಟರ್ ಎಂದರೆ ಊರಿಗೊಂದು ದೇವಸ್ಥಾನವಿದ್ದ ಹಾಗೆ. ಎಲ್ಲರೂ ಅಲ್ಲಿಗೇ ಹೋಗಿ ಸರತಿಯಲ್ಲಿ ನಿಲ್ಲಬೇಕು. ಒಬ್ಬನ ಮೇಜಿಗೆ ಒಂದು ಶಕ್ತಿವಂತ ಯಂತ್ರ, ದೊಡ್ಡ ಪರದೆ, ಜೊತೆಗೆ ಬೇರೆ ಯಂತ್ರಗಳೊಡನೆ ಮಾತಾಡಲು ಒಂದು ತಂತಿ ಎಂಬ ಕಲ್ಪನೆಗೆ ರೂಪ ಕೊಟ್ಟದ್ದು ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಶೋಧನಾಲಯ; ೧೯೭೩ರಲ್ಲಿ ಅಲ್ಲಿ ಆಲ್ಟೊ ಎಂಬ ಯಂತ್ರ ತಯಾರಾಯಿತು. ಮಾರಾಟಕ್ಕೆ ಬಂದ ವರ್ಕ್‌ಸ್ಟೇಷನ್ನುಗಳಲ್ಲಿ ಅಪೊಲೊ ಕಂಪನಿಯದು ಮೊದಮೊದಲಿನದು, ೧೯೮೧ರಲ್ಲಿ. ಅದರ ಹಿಂದೆಯೇ, ೧೯೮೨ರ ಫೆಬ್ರವರಿಯಲ್ಲಿ, ಸನ್ ಮೈಕ್ರೋಸಿಸ್ಟಮ್ಸ್ ಹುಟ್ಟಿತು. ಸನ್ ಎಂದರೆ ಸೂರ್ಯನೇನೂ ಅಲ್ಲ, ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿ ನೆಟ್‌ವರ್ಕ್ ಎಂಬುದರ ಮೊದಲಕ್ಷರಗಳು. ಅಲ್ಲಿ ಓದುತ್ತಿದ್ದ ಆಂಡಿ ಬೆಕ್ಟೊಲ್ಶೈಮ್ ಎಂಬ ಜರ್ಮನ್ ವಿದ್ಯಾರ್ಥಿ ವಿಶ್ವವಿದ್ಯಾಲಯದ ಜಾಲಕ್ಕಾಗಿ ಕಟ್ಟಿದ ಯಂತ್ರವೇ ಅದರ ಮೂಲ. ದೆಹಲಿಯ ಐಐಟಿಯಲ್ಲಿ ಕಲಿತು ಹೋಗಿದ್ದ ವಿನೋದ್ ಖೋಸ್ಲಾ, ಸ್ಕಾಟ್ ಮೆಕ್‌ನೀಲಿ ಸೇರಿಕೊಂಡರು. ಬರ್ಕ್ಲಿಯಿಂದ ಯೂನಿಕ್ಸ್ ಪಂಡಿತ ಬಿಲ್ ಜಾಯ್ ಬಂದರು. 'ಜಾಲವೇ ಕಂಪ್ಯೂಟರ್' ಎಂಬುದು ಆ ಕಂಪನಿಯ ಘೋಷವಾಕ್ಯ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಯಾಕೆಂದರೆ ಜಾಲವೇ ಸರ್ವಸ್ವವಾದ ಮೇಲೆ ಜಾಲದಲ್ಲಿ ಹೆಸರಿಲ್ಲದವನು ಯಾರೂ ಅಲ್ಲ.

ಆ ಹೆಸರು ಎಂದರೇನು? ಈಥರ್‌ನೆಟ್ ಜಾಲದ ಪ್ರತಿಯೊಂದು ಯಂತ್ರಕ್ಕೂ ೪೮ ಬಿಟ್‌ಗಳ ಒಂದು ವಿಳಾಸ. ಮೊದಲರ್ಧ ಮನೆತನದ ಹೆಸರು, ಕಂಪನಿಗೆ ಕೊಟ್ಟದ್ದು. ಸನ್ ಯಂತ್ರಗಳಿಗೆಲ್ಲ ಅದು ೮, ೦, ೨೦. ಉಳಿದರ್ಧ ಆ ಯಂತ್ರದ ಸ್ವಂತದ್ದು. ಇದಲ್ಲದೆ ಹೋಸ್ಟ್ ಐಡಿ ಎಂಬ ಇನ್ನೊಂದು ಸಂಖ್ಯೆ. ಲಕ್ಷಗಟ್ಟಲೆ ಬೆಲೆಯ ನಕ್ಷೆ ಬಿಡಿಸುವ, ಚಿಪ್ ವಿನ್ಯಾಸ ಮಾಡುವ ತಂತ್ರಾಂಶಗಳನ್ನು ಮಾರುವವರು ಪರವಾನಗಿಯನ್ನು ಈ ಹೋಸ್ಟ್ ಐಡಿಗೆ ಕಟ್ಟಿಹಾಕುತ್ತಿದ್ದರು. ಸಂಖ್ಯೆ ಬದಲಾದರೆ ತಂತ್ರಾಂಶ ಬಾಗಿಲು ತೆರೆಯುವುದಿಲ್ಲ. ಅಂದರೆ ಯಂತ್ರದ ಹೆಸರು ಹೋಯಿತೆಂದರೆ ಜೊತೆಗೆ ಅದರ ಆಸ್ತಿಪತ್ರವೂ ಹೋದಂತೆ.

ಸನ್‌ನ ಮೊದಮೊದಲ ಯಂತ್ರಗಳಲ್ಲಿ ಈ ಗುರುತನ್ನು ಒಂದು ಪುಟ್ಟ ಪ್ರಾಮ್ ಚಿಪ್ಪಿನಲ್ಲಿ ಸುಟ್ಟು ಬರೆಯುತ್ತಿದ್ದರು. ಶಿಲಾಶಾಸನದ ಹಾಗೆ; ಕರೆಂಟು ಬೇಡ, ಬ್ಯಾಟರಿ ಬೇಡ, ನೂರು ವರ್ಷ ಇಟ್ಟರೂ ಇರುತ್ತದೆ. ೧೯೮೯ರ ಏಪ್ರಿಲ್‌ನಲ್ಲಿ ಸ್ಪಾರ್ಕ್‌ಸ್ಟೇಷನ್ ಒಂದನೆಯದು ಬಂತು. ಪಿಜ್ಜಾ ಪೆಟ್ಟಿಗೆಯಷ್ಟು ತೆಳ್ಳಗೆ, ಎಲ್ಲವೂ ಒಂದೇ ಬೋರ್ಡಿನ ಮೇಲೆ. ಅದರಲ್ಲಿ ಶಾಸನದ ಚಿಪ್ಪು ಮಾಯವಾಗಿತ್ತು. ಗಡಿಯಾರಕ್ಕೆಂದು ಹೇಗೂ ಬ್ಯಾಟರಿ ಇರುವ ಒಂದು ಚಿಪ್ಪು ಬೇಕು; ಅದರಲ್ಲೇ ಖಾಲಿ ಜಾಗವಿದೆ; ಗುರುತನ್ನೂ ಅಲ್ಲೇ ಬರೆದಿಟ್ಟರಾಯಿತು ಎಂದು ಯಾರೋ ಲೆಕ್ಕ ಹಾಕಿರಬೇಕು. ಒಂದು ಚಿಪ್ಪು ಉಳಿಯಿತು. ಕಲ್ಲಿನಲ್ಲಿ ಕೆತ್ತಿದ್ದನ್ನು ಹಲಗೆಯ ಮೇಲೆ ಬಳಪದಲ್ಲಿ ಬರೆದಂತಾಯಿತು.

ಆ ಚಿಪ್ಪಿನ ಹೆಸರು ೪೮ಟಿ೦೨. ಅಮೆರಿಕದ ಮೋಸ್ಟೆಕ್ ಕಂಪನಿಯ ಕೂಸು. ಆ ಕಂಪನಿ ೧೯೮೫ರಲ್ಲಿ ಫ್ರಾನ್ಸಿನ ಥಾಮ್ಸನ್ ಪಾಲಾಗಿ, ೧೯೮೭ರಲ್ಲಿ ಎಸ್‌ಜಿಎಸ್-ಥಾಮ್ಸನ್ ಆಗಿ, ೧೯೯೮ರಲ್ಲಿ ಎಸ್‌ಟಿ ಮೈಕ್ರೋಎಲೆಕ್ಟ್ರಾನಿಕ್ಸ್ ಎಂದು ಹೆಸರು ಬದಲಿಸಿಕೊಂಡಿತು. ಹೊರಗಿನಿಂದ ನೋಡಿದರೆ ೨೪ ಕಾಲಿನ ಸಾಧಾರಣ ಚಿಪ್ಪು, ಆದರೆ ತಲೆಯ ಮೇಲೆ ದಪ್ಪನೆಯ ಟೋಪಿ ಇಟ್ಟಂತೆ ಗಟ್ಟಿ ಅಂಟಿನ ಹೊದಿಕೆ. ಟೋಪಿಯ ಒಂದು ತುದಿಯಲ್ಲಿ ಮೂರು ವೋಲ್ಟಿನ ಲಿಥಿಯಂ ಬ್ಯಾಟರಿ, ಇನ್ನೊಂದು ತುದಿಯಲ್ಲಿ ಸೆಕೆಂಡಿಗೆ ೩೨,೭೬೮ ಸಲ ಕಂಪಿಸುವ ಹರಳು. ಆ ಸಂಖ್ಯೆ ಎರಡರ ಹದಿನೈದನೆಯ ಘಾತ. ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಸರಿಯಾಗಿ ಒಂದು ಸೆಕೆಂಡು ಸಿಗುತ್ತದೆ. ಕೆಳಗಿರುವುದು ೨,೦೪೮ ಬೈಟಿನ ಜ್ಞಾಪಕಶಕ್ತಿ. ಕೊನೆಯ ಎಂಟು ಬೈಟು ಗಡಿಯಾರ, ಅದಕ್ಕಿಂತ ಹಿಂದಿನ ೩೨ ಬೈಟು ಗುರುತಿನ ಪಟ್ಟಿ; ಆ ೩೨ರಲ್ಲೂ ನಿಜವಾಗಿ ಕೆಲಸಕ್ಕೆ ಬರುವುದು ೧೬.

ಬ್ಯಾಟರಿಯ ಆಯಸ್ಸು ಹತ್ತು ವರ್ಷ ಎಂದು ತಯಾರಕರೇ ಹೇಳಿದ್ದರು. ಅವರೇನೂ ಸುಳ್ಳು ಹೇಳಲಿಲ್ಲ. ೧೯೮೯ರಲ್ಲಿ ಕೂತು ನೋಡಿದವರಿಗೆ ಹತ್ತು ವರ್ಷ ಎಂದರೆ ಅನಂತ ಕಾಲ. ೧೯೮೯ರ ಯಂತ್ರವನ್ನು ೧೯೯೦ರದ್ದು, ೧೯೯೦ರದ್ದನ್ನು ೧೯೯೨ರದ್ದು ನುಂಗುತ್ತಿದ್ದ ಕಾಲ ಅದು. ಹತ್ತು ವರ್ಷದ ಮೇಲೂ ಯಾರಾದರೂ ಇದನ್ನು ಬಳಸಿಯಾರು ಎಂದು ಮೌಂಟನ್ ವ್ಯೂನಲ್ಲಿ ಕೂತವರಿಗೆ ಹೇಗೆ ಹೊಳೆಯಬೇಕು? ನಮ್ಮ ಕಡೆಯ ಕಾಲೇಜುಗಳಲ್ಲಿ ಒಂದು ಸಲ ಗ್ರಾಂಟು ಬಂದು ತೆಗೆದುಕೊಂಡ ಯಂತ್ರ ಇನ್ನೊಂದು ಗ್ರಾಂಟು ಬರುವವರೆಗೆ ಬದುಕಬೇಕು ಎಂಬುದು ಅವರ ಲೆಕ್ಕದಲ್ಲಿರಲಿಲ್ಲ.

ಇದರಲ್ಲೊಂದು ವಿಚಿತ್ರವಿದೆ. ಯಂತ್ರ ಚಾಲೂ ಇದ್ದಾಗ ಈ ಚಿಪ್ಪು ಗೋಡೆಯ ಕರೆಂಟನ್ನೇ ಉಣ್ಣುತ್ತದೆ. ತನ್ನ ಬ್ಯಾಟರಿಯನ್ನು ಮುಟ್ಟುವುದಿಲ್ಲ. ಆರಿಸಿದಾಗಲೇ ಗಂಟು ಕರಗುವುದು. ಹಗಲೂ ರಾತ್ರಿ ಓಡಿದ ಯಂತ್ರಗಳಿಗೆ ನೆನಪು ಹೆಚ್ಚು ಕಾಲ ಉಳಿಯಿತು. ಎರಡು ತಿಂಗಳು ರಜೆ, ವಾರಕ್ಕೊಂದು ಭಾನುವಾರ, ದಿನಕ್ಕೆ ನಾಲ್ಕು ಗಂಟೆ ಲೋಡ್ ಶೆಡ್ಡಿಂಗ್ ಎಂದು ಆರಿಸಿಟ್ಟವು ಬೇಗ ಮರೆತವು. ಆರು ಯಂತ್ರಗಳೂ ಒಂದೇ ಲಾಟಿನವು, ಒಂದೇ ಬೀಗದ ಕೆಳಗೆ ಇದ್ದವು. ಹಾಗಾಗಿ ಒಂದೇ ವಾರದಲ್ಲಿ ಹೋದವು. ಸಿಡಿಲೂ ಇಲ್ಲ, ಗುಡುಗೂ ಇಲ್ಲ.

ಇದೆಲ್ಲ ನನಗೆ ತಿಳಿದದ್ದು ೨೦೦೬ರಲ್ಲಿ. ಆ ಹೊತ್ತಿಗೆ ಕಂಪನಿ ಬಿಟ್ಟು ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಗಲ್ಲಿಯಲ್ಲಿ ಪವರ್ ಸಪ್ಲೈ ರಿಪೇರಿ ಮಾಡಿಕೊಂಡಿದ್ದೆ. ಸಾದರ ಪತ್ರಪ್ಪ ರಸ್ತೆಯನ್ನು ನೋಡದವರಿಗೆ ಅದನ್ನು ವರ್ಣಿಸುವುದು ಕಷ್ಟ; ಬೇಕಾದ ಸಾಮಾನಿಗಿಂತ ಬೇಡವಾದದ್ದು ಹೆಚ್ಚು ಸಿಗುವ ಜಾಗ ಅದು. ಒಂದು ದಿನ ಕೆಲಸಕ್ಕೆ ಹೊಸದಾಗಿ ಸೇರಿದ್ದ ಒಬ್ಬ ಹುಡುಗ, ಇಪ್ಪತ್ತೈದೂ ತುಂಬಿರಲಿಕ್ಕಿಲ್ಲ, ಗುಜರಿಯಿಂದ ಕೆಜಿ ಲೆಕ್ಕದಲ್ಲಿ ಕೊಂಡ ಒಂದು ಸ್ಪಾರ್ಕ್‌ಸ್ಟೇಷನ್ನನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು, ಪವರ್ ಸಪ್ಲೈ ನೋಡಿ ಅಣ್ಣಾ ಅಂದ. ಸರಿಮಾಡಿ ಹಚ್ಚಿದೆ. ಪರದೆಯ ಮೇಲೆ ಅದೇ ಮಾತು: ಗುರುತಿನ ಪಟ್ಟಿ ಸಿಂಧುವಲ್ಲ, ಎಫ್ ಎಫ್ ಎಫ್. "ಇದು ಹೋಯ್ತು ಮರಿ, ಬೋರ್ಡೇ ಹೋಗಿದೆ" ಅಂದೆ. ಅವನು ನಕ್ಕ. "ಇಲ್ಲ ಅಣ್ಣ, ಹೆಸ್ರು ಮರೆತಿದೆ ಅಷ್ಟೇ" ಅಂದವನೇ ಕೀಲಿಮಣೆ ಎಳೆದುಕೊಂಡು ಹದಿನೈದಿಪ್ಪತ್ತು ಸಾಲು ಕುಟ್ಟಿದ. ಸನ್ ಯಂತ್ರಗಳ ಹೊಟ್ಟೆಯೊಳಗೆ ಫೋರ್ತ್ ಭಾಷೆಯಲ್ಲಿ ಬರೆದ ಓಪನ್ ಬೂಟ್ ಎಂಬ ಸಣ್ಣ ಗುಮಾಸ್ತ ಇದ್ದಾನೆ. ಡಿಸ್ಕು ಏಳದಿದ್ದರೂ ಅವನು ಎದ್ದಿರುತ್ತಾನೆ, ಹೇಳಿದ್ದನ್ನು ಬರೆದುಕೊಳ್ಳುತ್ತಾನೆ. ಎಂಕೆಪಿ ಎಂಬ ಒಂದು ಆಜ್ಞೆ ಸಾಕು, ಗುರುತಿನ ಪಟ್ಟಿಯ ಒಂದೊಂದು ಬೈಟನ್ನೂ ಕೈಯಾರೆ ತುಂಬಬಹುದು. ಹುಡುಗ ತುಂಬಿದ, ಮತ್ತೆ ಎಬ್ಬಿಸಿದ, ಡಿಸ್ಕಿನ ಕಡೆ ಕೈ ತೋರಿಸಿದ. ಐದು ನಿಮಿಷದಲ್ಲಿ ಯಂತ್ರ ಎದ್ದು ಕೂತಿತು.

ಬ್ಯಾಟರಿ ಸತ್ತಿದ್ದರೂ ಸರಿಯೇ, ಕರೆಂಟು ಇರುವಷ್ಟು ಹೊತ್ತು ಬರೆದದ್ದು ಉಳಿಯುತ್ತದೆ. ಆರಿಸಿದರೆ ಮತ್ತೆ ಬರೆಯಬೇಕು, ಅಷ್ಟೇ. ಅಂದರೆ ೨೦೦೧ರ ಜೂನಿನ ಆ ಮಧ್ಯಾಹ್ನ ಒಂದು ಬಿಡಿಭಾಗವೂ ಇಲ್ಲದೆ, ಒಂದು ರೂಪಾಯಿಯೂ ಖರ್ಚಿಲ್ಲದೆ ಆ ಆರನ್ನೂ ನಾನು ಎಬ್ಬಿಸಬಹುದಾಗಿತ್ತು. ಈ ವಿದ್ಯೆ ತೊಂಬತ್ತರ ದಶಕದಲ್ಲೇ ಬಲ್ಲವರಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ ಎಂಬುದು ದೊಡ್ಡ ತಪ್ಪಲ್ಲ. ಗೊತ್ತಿಲ್ಲ ಎಂದು ರಿಪೋರ್ಟಿನಲ್ಲಿ ಬರೆಯದೆ ಹೋಗಿದೆ ಎಂದು ಬರೆದೆನಲ್ಲ, ಅದು ತಪ್ಪು. ಹುಡುಗ ಹೋದ ಮೇಲೆ ಅಂಗಡಿ ಬೇಗ ಮುಚ್ಚಿ ಮನೆಗೆ ಹೋದೆ. ಏನಾಯ್ತು ಎಂದು ಮನೆಯಲ್ಲಿ ಕೇಳಿದರು, ತಲೆನೋವು ಅಂದೆ.

ಅಲ್ಲಿಂದ ಮುಂದೆ ಈ ಚಿಪ್ಪುಗಳ ಹುಚ್ಚು ಹಿಡಿಯಿತು. ಟೋಪಿ ಕೊರೆದು, ಹಳೆಯ ಬ್ಯಾಟರಿಯ ತಂತಿ ಕತ್ತರಿಸಿ, ಎರಡು ಸಣ್ಣ ತಂತಿ ಬೆಸೆದು, ಬೀದಿಯ ವಾಚಿನಂಗಡಿಯಲ್ಲೂ ಸಿಗುವ ೨೦೩೨ ಸಂಖ್ಯೆಯ ನಾಣ್ಯದಂಥ ಸೆಲ್ಲನ್ನು ಜೋಡಿಸುವುದು. ಹೇಳುವುದು ಸುಲಭ. ಮೊದಲನೆಯ ಚಿಪ್ಪಿನಲ್ಲಿ ತಪ್ಪು ತುದಿ ಕೊರೆದು ಹರಳನ್ನೇ ಪುಡಿಮಾಡಿದೆ. ಎರಡನೆಯದರಲ್ಲಿ ಹಳೆಯ ಬ್ಯಾಟರಿಯನ್ನು ಬಿಡಿಸದೆ ಹೊಸದನ್ನು ಸೇರಿಸಿದೆ. ಸತ್ತದ್ದು ಬದುಕಿದ್ದನ್ನು ಹೀರಿಕೊಂಡಿತು. ಮೂರನೆಯದರಲ್ಲಿ ಹೆಸರು ನಿಂತಿತು, ಗಡಿಯಾರ ಮಾತ್ರ ಅಲುಗಲಿಲ್ಲ. ಅಂಗಡಿಯ ಕಪಾಟಿನಲ್ಲಿ ಕೂತಾಗ ಬ್ಯಾಟರಿ ಸವೆಯದಿರಲೆಂದು ಗಡಿಯಾರವನ್ನು ನಿಲ್ಲಿಸಿಡುವ ಒಂದು ಬಿಟ್ಟು, ನಿಂತದ್ದಕ್ಕೆ ಒಂದು ಒದೆ ಕೊಟ್ಟು ಓಡಿಸುವ ಇನ್ನೊಂದು ಬಿಟ್ಟು ಅದರೊಳಗೆ ಇವೆ ಎಂದು ಆಮೇಲೆ ಓದಿ ತಿಳಿದೆ. ಹಳೆಯ ಸ್ಕೂಟರಿನ ಕಿಕ್ಕರ್ ಇದ್ದ ಹಾಗೆ. ಹೆಸರೂ ಹೆಚ್ಚುಕಡಿಮೆ ಅದೇ.

ಸನ್ ಒಂದನ್ನೇ ದೂರಿ ಫಲವಿಲ್ಲ. ಐಬಿಎಂನ ೧೯೮೪ರ ಎಟಿ ಮಾದರಿಯಿಂದ ಮೊದಲ್ಗೊಂಡು ಸಾಮಾನ್ಯ ಪಿಸಿಗಳಲ್ಲೂ ಬ್ಯಾಟರಿ ಹೋದರೆ ತಾರೀಖು ಮರೆಯುತ್ತಿತ್ತು, ಡಿಸ್ಕಿನ ಜಾತಿ ಮರೆಯುತ್ತಿತ್ತು. ಅಮಿಗಾದಂಥ ಯಂತ್ರಗಳ ಕಥೆ ಇನ್ನೂ ಘೋರ. ಅವುಗಳ ನಿಕ್ಕಲ್ ಬ್ಯಾಟರಿ ಸೋರಿ ಬೋರ್ಡಿನ ತಾಮ್ರದ ಗೆರೆಗಳನ್ನೇ ತಿಂದುಹಾಕುತ್ತಿತ್ತು. ಜಪಾನಿನ ಕ್ಯಾಪ್‌ಕಾಮ್ ಕಂಪನಿ ೧೯೯೩ರಿಂದ ಮಾಡಿದ ಆಟದ ಯಂತ್ರಗಳಲ್ಲಿ ಕಾರ್ಯಕ್ರಮವನ್ನು ಬಿಚ್ಚುವ ಗುಟ್ಟಿನ ಕೀಲಿಯೇ ಬ್ಯಾಟರಿಯ ಆಸರೆಯಲ್ಲಿತ್ತು. ಬ್ಯಾಟರಿ ಹೋದ ದಿನ ಆಟ ಮುಗಿಯಿತು. ಅದನ್ನು ರಿಪೇರಿಯವರು ಆತ್ಮಹತ್ಯೆಯ ಬ್ಯಾಟರಿ ಎಂದೇ ಕರೆಯುತ್ತಾರೆ. ಸನ್ ಯಂತ್ರದ್ದು ಅಷ್ಟು ಕ್ರೂರವಲ್ಲ. ಅದಕ್ಕೆ ಬುದ್ಧಿ ಎಲ್ಲ ನೆಟ್ಟಗಿದೆ, ತಾನು ಯಾರು ಎಂಬುದೊಂದು ತಿಳಿಯದು.

ಮೇಷ್ಟ್ರು ಮತ್ತೆ ಸಿಕ್ಕಿದ್ದು ೨೦೧೯ರ ಮೇ ತಿಂಗಳು, ಶಿವಮೊಗ್ಗದ ಒಂದು ಮದುವೆಯಲ್ಲಿ. ಪಂಕ್ತಿಯಲ್ಲಿ ಎದುರು ಸಾಲಿಗೆ ಕೂತಿದ್ದ ನರೆತ ತಲೆಯವರೊಬ್ಬರು ಬಹಳ ಹೊತ್ತು ನೋಡಿ, ಕೈತೊಳೆಯುವಲ್ಲಿ ಹಿಡಿದರು. "ನೀವೇ ಅಲ್ವಾ, ನನ್ನ ಮಿಷನ್ನುಗಳಿಗೆ ಡೆತ್ ಸರ್ಟಿಫಿಕೇಟ್ ಕೊಟ್ಟೋರು?" ನಗುತ್ತಲೇ ಅಂದರು. ನನಗೆ ನಗು ಬರಲಿಲ್ಲ. ಅಲ್ಲೇ ನಿಂತು, ಒದ್ದೆ ಕೈಯಲ್ಲೇ, ಎಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ನಮ್ಮನೆ ಅಟ್ಟದಲ್ಲಿದೆ" ಅಂದರು. ಹರಾಜಿನ ದಿನ ಗುಜರಿಯವನಿಗೆ ದುಡ್ಡು ಕೊಟ್ಟು ಒಂದನ್ನು ಬಿಡಿಸಿಕೊಂಡಿದ್ದರಂತೆ. ಕಾರಣವಿತ್ತು. ಅವರ ತಂದೆ ೧೯೫೩ರಿಂದ ಸಾಯುವವರೆಗೆ ತೋಟದಲ್ಲಿ ಮಳೆಮಾಪಕ ಇಟ್ಟು ದಿನದಿನದ ಮಳೆಯನ್ನು ಇಂಚು, ಸೆಂಟುಗಳಲ್ಲಿ ಡೈರಿಗೆ ಬರೆದವರು. ಮಲೆನಾಡಿನ ಅಡಿಕೆ ತೋಟದ ಮನೆಗಳಲ್ಲಿ ಇದು ಅಪರೂಪವೇನಲ್ಲ. ಮೇಷ್ಟ್ರು ಸಂಜೆ ಲ್ಯಾಬು ಖಾಲಿಯಾದ ಮೇಲೆ ಕೂತು ಎಂಟು ವರ್ಷ ಅದನ್ನೆಲ್ಲ ಆ ಯಂತ್ರಕ್ಕೆ ತುಂಬಿದ್ದರು. ಫ್ಲಾಪಿಯಲ್ಲಿ ಒಂದು ಪ್ರತಿ ತೆಗೆದಿದ್ದರು. ಮಲೆನಾಡಿನ ಥಂಡಿಗೆ ಫ್ಲಾಪಿಗಳಿಗೆ ಬೂಷ್ಟು ಹಿಡಿಯಿತು. ಡೈರಿಗಳನ್ನು ಗೆದ್ದಲು ತಿಂದಿತು. ಡಿಸ್ಕನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿ ಓದಬಹುದಾಗಿತ್ತಲ್ಲ ಎಂದು ತಿಳಿದವರು ಕೇಳಬಹುದು. ಖಂಡಿತ ಆಗುತ್ತಿತ್ತು. ಬೆಂಗಳೂರಿನ ಇಂಜಿನಿಯರು ಸತ್ತಿದೆ ಎಂದು ಬರೆದುಕೊಟ್ಟ ಮೇಲೆ ಅಂಥ ಯೋಚನೆ ಯಾರಿಗೆ ಬರುತ್ತದೆ?

ಮುಂದಿನ ವಾರವೇ ಚೀಲ ತೆಗೆದುಕೊಂಡು ತೀರ್ಥಹಳ್ಳಿ ಕಡೆಯ ಅವರ ಮನೆಗೆ ಹೋದೆ. ಅಟ್ಟದಿಂದ ಡಬ್ಬಿ ಇಳಿಸಿದೆವು. ಒಳಗೆ ಜೇಡನ ಬಲೆ, ಒಂದು ಕಣಜದ ಗೂಡು. ಮಾನಿಟರು ಯಾವತ್ತೋ ಹೋಗಿತ್ತು. ತೊಂದರೆಯಿಲ್ಲ, ಕೀಲಿಮಣೆ ಸಿಕ್ಕಿಸದಿದ್ದರೆ ಈ ಯಂತ್ರಗಳು ಹಿಂದುಗಡೆಯ ಸೀರಿಯಲ್ ಪೋರ್ಟಿನಿಂದ ಮಾತಾಡುತ್ತವೆ. ಅದಕ್ಕೆ ಬೇಕಾದ ಎಂಟು ಸೂಜಿಯ ದುಂಡು ಕೇಬಲ್ಲನ್ನು ಮಾಡಿಕೊಂಡೇ ಹೋಗಿದ್ದೆ. ಲ್ಯಾಪ್‌ಟಾಪಿಗೆ ಕೊಟ್ಟು ಸ್ವಿಚ್ ಹಾಕಿದೆ. ಹದಿನೆಂಟು ವರ್ಷದ ಹಿಂದಿನ ಅದೇ ಮಾತು, ಅದೇ ಎಫ್‌ಗಳು. ಆದರೆ ಡಿಸ್ಕು ತಿರುಗುವ ಸದ್ದು ಇಲ್ಲ. ಬಹಳ ವರ್ಷ ಕೂತ ಡಿಸ್ಕಿನಲ್ಲಿ ಓದುವ ತಲೆ ತಟ್ಟೆಗೆ ಅಂಟಿಕೊಳ್ಳುವುದುಂಟು. ಬಿಚ್ಚಿ, ಅಂಗೈ ಮೇಲೆ ಇಟ್ಟುಕೊಂಡು, ಕೀಲಿ ತಿರುಗಿಸಿದ ಹಾಗೆ ಎರಡು ಸಲ ಝಟ್ಟನೆ ಹೊರಳಿಸಿದೆ. ಮೇಷ್ಟ್ರು ಬೇರೆ ಕಡೆ ನೋಡುತ್ತಿದ್ದರು. ಮೂರನೆಯ ಸಲಕ್ಕೆ ಗುಂಯ್ ಎಂದಿತು.

ಇನ್ನು ಹೆಸರು. ಈ ಚಿಪ್ಪುಗಳ ಮೇಲೆ ವಿಳಾಸದ ಕೊನೆಯ ಭಾಗವನ್ನು ಅಚ್ಚು ಹಾಕಿದ ಸಣ್ಣ ಚೀಟಿ ಅಂಟಿಸಿರುತ್ತಿದ್ದರು. ಇದರ ಚೀಟಿಯನ್ನು ಹುಳು ತಿಂದಿತ್ತು. ಹೆಸರು ತಿಳಿಯದ ಯಂತ್ರಕ್ಕೆ ಹವ್ಯಾಸಿಗಳು ಇಡುವ ಒಂದು ರೂಢಿಯ ಹೆಸರಿದೆ. ಇಲ್ಲಿ ಎಲ್ಲವೂ ಹದಿನಾರರ ಲೆಕ್ಕ, ರೂಪಾಯಿಗೆ ಹದಿನಾರಾಣೆ ಇದ್ದ ಹಾಗೆ. ಒಂಬತ್ತು ಮುಗಿದ ಮೇಲೆ ಎ ಇಂದ ಎಫ್‌ವರೆಗೆ ಇಂಗ್ಲಿಷ್ ಅಕ್ಷರಗಳೇ ಅಂಕಿಗಳು. ಹಾಗಾಗಿ ಸಿ, ಸೊನ್ನೆ, ಎಫ್, ಎಫ್, ಇ, ಇ ಎಂದು ಬರೆದರೆ ಅದು ಸಂಖ್ಯೆಯೂ ಹೌದು, ಕಣ್ಣಿಗೆ ಕಾಫಿಯೂ ಹೌದು. ಜಗತ್ತಿನಾದ್ಯಂತ ಎಷ್ಟು ಮುದಿ ಸನ್ ಯಂತ್ರಗಳು ಕಾಫಿ ಎಂಬ ಹೆಸರಿನಲ್ಲಿ ಬದುಕುತ್ತಿವೆಯೋ! ಒಂದೇ ಜಾಲದಲ್ಲಿ ಇಬ್ಬರು ಕಾಫಿಗಳು ಸೇರಿದರೆ ಜಗಳ ತಪ್ಪಿದ್ದಲ್ಲ. ಮೊದಲ ಬೈಟು ೧, ಎರಡನೆಯದು ಐಪಿಎಕ್ಸ್ ಮಾದರಿಯ ಗುರುತು, ೫೭, ಆಮೇಲೆ ೮, ೦, ೨೦, ಆಮೇಲೆ ಕಾಫಿ, ತಾರೀಖಿನ ಜಾಗದಲ್ಲಿ ನಾಲ್ಕು ಸೊನ್ನೆ, ಮತ್ತೊಮ್ಮೆ ಕಾಫಿ, ಕಟ್ಟಕಡೆಗೆ ತಾಳೆಯ ಮೊತ್ತ. ಆ ಮೊತ್ತ ಕೂಡುವ ಲೆಕ್ಕದಲ್ಲಿ ಎರಡು ಸಲ ಬಂದದ್ದು ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ, ಆದ್ದರಿಂದ ಹೆಸರು ಏನೇ ಇರಲಿ, ಐಪಿಎಕ್ಸ್‌ಗೆ ಅದು ಯಾವಾಗಲೂ ಏಳು-ಇ. ಒಂದೊಂದೇ ಸಾಲು ಕುಟ್ಟಿ, ಡಿಸ್ಕಿನಿಂದ ಏಳು ಎಂದೆ.

ಎದ್ದಿತು. ಒಳಬರುವವರ ಹೆಸರು ಕೇಳಿತು. ಲ್ಯಾಪ್‌ಟಾಪನ್ನು ಮೇಷ್ಟ್ರ ಕಡೆ ತಿರುಗಿಸಿದೆ. ಪಾಸ್‌ವರ್ಡ್ ನೆನಪಿದೆಯಾ ಎಂದು ಕೇಳಬೇಕೆಂದಿದ್ದೆ, ಅಷ್ಟರಲ್ಲಿ ಅವರ ಬೆರಳುಗಳು ಅದನ್ನು ಹೊಡೆದು ಮುಗಿಸಿದ್ದವು. ಏನು ಹೊಡೆದಿರಿ ಎಂದರೆ, "ಹೇಳಿ ಅಂದ್ರೆ ಗೊತ್ತಿಲ್ಲ ಸಾರ್, ಕೈಗೆ ಗೊತ್ತು" ಅಂದರು. ಮಳೆ ಎಂಬ ಹೆಸರಿನ ಕೋಶ ಅಲ್ಲೇ ಇತ್ತು. ೧೯೫೩ ಇತ್ತು, ೧೯೬೧ ಇತ್ತು. ೧೯೬೧ರ ಜುಲೈ ತೆರೆದು, ಒಂದೊಂದೇ ದಿನದ ಅಂಕಿಯನ್ನು ಬೆರಳಿಟ್ಟು ಓದುತ್ತ ಹೋದರು. ಒಳಗಿನಿಂದ ಅವರ ಮನೆಯವರು ಬಂದು ಬಾಗಿಲ ಬಳಿ ನಿಂತು, "ಮಾವನೋರ ಲೆಕ್ಕ ಬಂತಾ?" ಎಂದು ಕೇಳಿದರು. ಮೇಷ್ಟ್ರು ಉತ್ತರ ಕೊಡಲಿಲ್ಲ.

ಅವರು ಓದುತ್ತಿದ್ದಾಗ ನನಗೆ ಒಂದು ಹೊಳೆಯಿತು. ಎಲ್ಲ ನಕಲು ಮಾಡಿಕೊಂಡ ಮೇಲೆ ಯಂತ್ರ ತನ್ನಷ್ಟಕ್ಕೆ ಬರೆದುಕೊಳ್ಳುವ ದಿನಚರಿಯ ಕಡತವನ್ನು ತೆರೆದೆ. ಪ್ರತಿ ಸಲ ಎದ್ದಾಗಲೂ ಅದು ತನ್ನ ವಿಳಾಸವನ್ನು ಅಲ್ಲಿ ಒಂದು ಸಾಲು ಬರೆದಿಡುತ್ತದೆ. ಅಲ್ಲಿತ್ತು, ೨೦೦೧ರ ಏಪ್ರಿಲ್ಲಿನ ಒಂದು ಬೆಳಗ್ಗೆ ಬರೆದದ್ದು, ಎಂಟು, ಸೊನ್ನೆ, ಇಪ್ಪತ್ತು ಎಂದು ಶುರುವಾಗುವ ಅದರ ನಿಜವಾದ ಹೆಸರು. ಕಾಗದದ ಮೇಲೆ ಬರೆದುಕೊಂಡೆ. ಯಂತ್ರ ಆರಿಸಿ, ಚಿಪ್ಪು ಕಿತ್ತು, ಜಗುಲಿಯ ಮೇಲೆ ಕೂತು ಟೋಪಿ ಕೊರೆದು, ತಂತಿ ಬೆಸೆದು, ತೀರ್ಥಹಳ್ಳಿಯ ಪೇಟೆಯಲ್ಲಿ ಕೊಂಡಿದ್ದ ಸೆಲ್ ಕೂರಿಸಿದೆ. ಮತ್ತೆ ಹಚ್ಚಿ ಈ ಸಲ ಅಸಲು ಹೆಸರನ್ನೇ ಬರೆದೆ. ಪರೀಕ್ಷೆ ಮಾಡಲು ನಾನು ಆರಿಸಬೇಕಾಗಲಿಲ್ಲ; ಆಗುಂಬೆ ಕಡೆಯಿಂದ ಒಂದು ಗಾಳಿ ಬಂದು ಕರೆಂಟೇ ಹೋಯಿತು. ಮೂರು ಗಂಟೆ ಬರಲಿಲ್ಲ. ಬಂದಾಗ ಯಂತ್ರ ಯಾರೂ ಹೇಳಿಕೊಡದೆ ತನ್ನ ಹೆಸರು ಹೇಳಿತು. ಕಾಫಿ ಎಂಬ ಹೆಸರು ಅದಕ್ಕಿದ್ದದ್ದು ಒಂದು ಮಧ್ಯಾಹ್ನ ಮಾತ್ರ.

ಆ ಹೆಸರನ್ನು ಕೊಟ್ಟ ಸನ್ ಕಂಪನಿ ೨೦೧೦ರ ಜನವರಿಯಲ್ಲೇ ಒರಾಕಲ್‌ನಲ್ಲಿ ಕರಗಿಹೋಗಿತ್ತು. ಮೇಷ್ಟ್ರಿಗೆ ಅದನ್ನು ಹೇಳಿದರೆ ಹೌದಾ ಅಂದರು, ಅಷ್ಟೇ. ಅವರಿಗೆ ಬೇಕಾದದ್ದು ಬೇರೆ. "ಇದು ಎಷ್ಟು ವರ್ಷ ಬರುತ್ತೆ?" ಎಂದು ಸೆಲ್ ತೋರಿಸಿದರು. ಹತ್ತು ವರ್ಷ ಅನ್ನಲು ಹೋಗಿ ತಡೆದುಕೊಂಡೆ. ನಾಲ್ಕೈದು ವರ್ಷಕ್ಕೊಂದು ಸಲ ಬದಲಾಯಿಸಿ ಅಂದೆ. ಅವರು ಒಂದು ಚೀಟಿಯಲ್ಲಿ ತಾರೀಖು ಬರೆದು ಮುಚ್ಚಳದ ಒಳಗೆ ಅಂಟಿಸಲು ಹೋದರು. ಅಲ್ಲಿ ಮೊದಲೇ ಒಂದು ಕಾಗದ ಮಡಿಸಿ ಸಿಕ್ಕಿಸಿತ್ತು. ಬಿಡಿಸಿ ನೋಡಿದರೆ ನನ್ನ ರಿಪೋರ್ಟು. ಹಳದಿಯ ಕಾರ್ಬನ್ ಪ್ರ��ಿ, ಕೆಳಗೆ ನನ್ನ ರುಜು, ಆಗಿನ ದೊಡ್ಡ ದೊಡ್ಡ ಅಕ್ಷರದ್ದು. ಹರಿದುಹಾಕಿಬಿಡೋಣ ಮೇಷ್ಟ್ರೇ ಅಂದೆ. ಅವರು ನನ್ನ ಕೈಯಿಂದ ತೆಗೆದುಕೊಂಡು, ಮೊದಲಿದ್ದ ಹಾಗೆಯೇ ನಾಲ್ಕು ಮಡಿಕೆ ಮಡಿಸಿ, "ಇರ್ಲಿ ಸಾರ್, ಇದೂ ದಾಖಲೆನೇ" ಎಂದು ಅಲ್ಲೇ ಸಿಕ್ಕಿಸಿ ಮುಚ್ಚಳದ ಸ್ಕ್ರೂ ತಿರುಗಿಸಿದರು.